ಖಾಲಿ ಫ್ಲ್ಯಾಟುಗಳೂ ಅಮ್ಮನ ಆಷಾಢವೂ

ಎಂ.ಎ. ಮುಗಿಸಿದ ಮೇಲೆ ನನಗೆ ದಿಲ್ಲಿಯ ನಗರಾಡಳಿತದ ವಸತಿ ವಿಭಾಗದಲ್ಲಿ ಒಂದು ಗುತ್ತಿಗೆ ಕೆಲಸ ಸಿಕ್ಕಿತು. ಹುದ್ದೆಯ ಹೆಸರು ಎಷ್ಟು ಉದ್ದವಿತ್ತೆಂದರೆ ಅದನ್ನು ಒಂದೇ ಉಸಿರಿನಲ್ಲಿ ಓದಿ ಮುಗಿಸಿದವರನ್ನು ನಾನು ಕಾಣಲಿಲ್ಲ. ಕೆಲಸ ಮಾತ್ರ ಸರಳ. ಫುಟ್‌ಪಾತಿನ ಮೇಲೆ, ಮೇಲ್ಸೇತುವೆಗಳ ಕೆಳಗೆ, ಮಾರ್ಕೆಟ್ಟುಗಳ ಹಿಂಬದಿಯಲ್ಲಿ ಬದುಕುತ್ತಿದ್ದ ಕುಟುಂಬಗಳಿಗೆಂದು ಊರಿನ ಪಶ್ಚಿಮದ ಅಂಚಿನಲ್ಲಿ ಹೊಸ ಫ್ಲ್ಯಾಟುಗಳನ್ನು ಕಟ್ಟಿದ್ದರು. ಆ ಕುಟುಂಬಗಳು ನಿಜವಾಗಿಯೂ ಅಲ್ಲಿಗೆ ಹೋದವೇ ಎಂದು ನಾನು ನೋಡಿಬರಬೇಕಿತ್ತು. ಬೀಗದ ಕೈ ಕೊಡುವುದು ಸುಲಭ. ಶಾಮಿಯಾನ ಹಾಕಿ, ಹೂವಿನ ಹಾರ ತರಿಸಿ, ಫೋಟೋ ತೆಗೆಸಿದರೆ ಒಂದು ಬೆಳಿಗ್ಗೆಯಲ್ಲಿ ಮುಗಿಯುತ್ತದೆ. ಬೀಗದ ಕೈ ಪಡೆದವರು ಆ ಬೀಗ ತೆಗೆಯುವಂತೆ ಮಾಡುವುದು ಬೇರೆಯದೇ ವಿದ್ಯೆ. ಅದನ್ನು ಯಾವ ವಿಶ್ವವಿದ್ಯಾಲಯದಲ್ಲೂ ಕಲಿಸುವುದಿಲ್ಲ.

ನಮ್ಮ ಸಾಹೇಬರು ಮೂಲತಃ ಎಂಜಿನಿಯರ್. ಮನುಷ್ಯರಿಗಿಂತ ಸಿಮೆಂಟಿನ ಜೊತೆ ಅವರಿಗೆ ಸಲುಗೆ ಹೆಚ್ಚು. ಖಾಲಿ ಬಿದ್ದ ಫ್ಲ್ಯಾಟನ್ನು ನೋಡಿದರೆ ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ತಿಂದು ಹೊರಟುಹೋದಷ್ಟು ಅವಮಾನವಾಗುತ್ತಿತ್ತು ಅವರಿಗೆ. "ಅಲ್ಲ, ಮನೆ ಇಲ್ಲದವರಿಗೆ ಮನೆ ಕೊಟ್ಟರೂ ಬರಲ್ಲ ಅಂದ್ರೆ ಏನರ್ಥ?" ಎಂದು ಅವರು ವಾರಕ್ಕೊಮ್ಮೆ ಮೀಟಿಂಗಿನಲ್ಲಿ ಕೇಳುತ್ತಿದ್ದರು. ಅಲ್ಲಿಂದ ಬಸ್ಸು ಕಡಿಮೆ, ನಲ್ಲಿಯಲ್ಲಿ ನೀರಿಗಿಂತ ಮೊದಲು ಗಾಳಿ ಬರುತ್ತದೆ, ಅವರ ಕೆಲಸವೆಲ್ಲ ಊರಿನ ಈ ತುದಿಯಲ್ಲಿದೆ ಎಂದು ನಾವು ಹೇಳುತ್ತಿದ್ದೆವು. ಅವರು ಬರೆದುಕೊಳ್ಳುತ್ತಿದ್ದರು. ಇಷ್ಟು ಹೇಳಬೇಕು, ಬರೆದುಕೊಂಡದ್ದನ್ನು ಮಾಡುತ್ತಲೂ ಇದ್ದರು. ಒಂದು ಬಸ್ಸು ಹೆಚ್ಚಾಯಿತು. ನಲ್ಲಿಯ ಗಾಳಿಯಲ್ಲಿ ಸ್ವಲ್ಪ ನೀರೂ ಬರತೊಡಗಿತು.

ಆ ಸಲದ ಹಂಚಿಕೆಯಲ್ಲಿ ನಮ್ಮ ಆರ್.ಕೆ.ಪುರಂನ ಒಂದು ಸಾಲಿನವರೂ ಇದ್ದರು. ನಮ್ಮ ಕ್ವಾರ್ಟರ್ಸಿನ ಕಾಂಪೌಂಡಿನ ಹೊರಗೆ, ಬೇವಿನ ಮರಗಳ ಕೆಳಗಿನ ಸಾಲು ಅದು. ಚಪ್ಪಲಿ ಹೊಲಿಯುವವನು, ಸೈಕಲ್ ರಿಪೇರಿಯವನು, ತರಕಾರಿ ಗಾಡಿಯವರು, ಮತ್ತು ಎಲ್ಲರಿಗಿಂತ ಮೊದಲು ಸಿಗುವುದು ಇಸ್ತ್ರಿ ಭಾಭಿಯ ಮೇಜು. ನಾನು ಶಾಲೆಯ ಯೂನಿಫಾರ್ಮ್ ತೊಡುತ್ತಿದ್ದಾಗಿನಿಂದ ನಮ್ಮ ಮನೆಯ ಬಟ್ಟೆಗಳಿಗೆ ಇಸ್ತ್ರಿ ಹಾಕುತ್ತಿದ್ದವಳು ಆಕೆ. ಮೇಜಿನ ಹಿಂದೆ ಪ್ಲೈವುಡ್ಡಿನ ತುಂಡು, ನೀಲಿ ಪ್ಲಾಸ್ಟಿಕ್ಕು ಸೇರಿಸಿ ಮಾಡಿದ, ಬಾಗಿಲಿಲ್ಲದ ಗೂಡಿನಲ್ಲಿ ಅವಳು, ಅವಳ ಗಂಡ, ಅತ್ತೆ. ಅತ್ತೆಯನ್ನು ಇಡೀ ಸೆಕ್ಟರ್ ದಾದಿ, ಅಂದರೆ ಅಜ್ಜಿ, ಎಂದು ಕರೆಯುತ್ತಿತ್ತು. ದಾದಿ ಚಾರ್‌ಪಾಯಿ ಎಂಬ ಹಗ್ಗದ ಮಂಚದ ಮೇಲೆ ಕೂತು ಬಟ್ಟೆ ಮಡಚುತ್ತ, ಯಾವ ಮನೆಯಲ್ಲಿ ಯಾರಿಗೆ ಹೊಟ್ಟೆ ಬಂದಿದೆ ಎಂಬುದನ್ನು ಪ್ಯಾಂಟಿನ ಸೊಂಟದಿಂದಲೇ ಪತ್ತೆ ಹಚ್ಚುತ್ತಿದ್ದಳು.

ಚೀಟಿ ಎತ್ತಿದಾಗ ಭಾಭಿಗೆ ನಾಲ್ಕನೇ ಮಹಡಿಯ ಫ್ಲ್ಯಾಟ್ ಬಂತು. ಷರತ್ತು ಇಷ್ಟು: ಹಗಲು ಹೊತ್ತು ಮೇಜು ಇಲ್ಲೇ ಇಟ್ಟುಕೊಂಡು ಇಸ್ತ್ರಿ ಕೆಲಸ ಮಾಡಬಹುದು. ಮೇಜು ಇರಬಹುದು, ಹಾಸಿಗೆ ಇರಬಾರದು. ಜುಲೈ ತಿಂಗಳು ಮುಗಿಯುವುದರೊಳಗೆ ಹೊಸ ಮನೆಯಲ್ಲಿ ಒಲೆ ಹೊತ್ತಿಸಿ ವಾಸ ಶುರು ಮಾಡಬೇಕು. ಮಾಡದಿದ್ದರೆ ಫ್ಲ್ಯಾಟು ಕಾಯುತ್ತಿರುವ ಮುಂದಿನವರಿಗೆ. ಇಲ್ಲಿನ ಪ್ಲಾಸ್ಟಿಕ್ ಗೂಡು ಹೇಗೂ ತೆರವಾಗುತ್ತದೆ. ಅಂದರೆ ತಡ ಮಾಡಿದರೆ ಅದೂ ಇಲ್ಲ, ಇದೂ ಇಲ್ಲ. ಇದನ್ನು ನಾನೇ ಹಿಂದಿಯಲ್ಲಿ ಓದಿ ಹೇಳಿದ್ದೆ. ಭಾಭಿ ತಲೆದೂಗಿದ್ದಳು. ಅಲ್ಲಿಗೆ ನನ್ನ ಕೆಲಸ ಮುಗಿಯಿತೆಂದು ನಾನು ತಿಳಿದೆ.

ನಾನು ಲೆಕ್ಕಕ್ಕೆ ತೆಗೆದುಕೊಳ್ಳದೆ ಬಿಟ್ಟದ್ದು ಅಮ್ಮನನ್ನು.

ಅಮ್ಮನಿಗೆ ದಿಲ್ಲಿಯಲ್ಲಿ ಇಪ್ಪತ್ತು ವರ್ಷ ಕಳೆದಿದ್ದರೂ ಅವಳ ದಿನಗಳು ನಡೆಯುತ್ತಿದ್ದದ್ದು ಬೆಂಗಳೂರಿನಿಂದ ಬಂದ ಕ್ಯಾಲೆಂಡರಿನ ಮೇಲೆ. ಪ್ರತಿ ಯುಗಾದಿಗೆ ಯಾರಾದರೊಬ್ಬ ನೆಂಟರು ಅದನ್ನು ಸುರುಳಿ ಸುತ್ತಿ ರೈಲಿನಲ್ಲಿ ತಂದುಕೊಡುತ್ತಿದ್ದರು. ಅಡುಗೆಮನೆಯ ಬಾಗಿಲ ಹಿಂದೆ ನೇತಾಡುತ್ತಿದ್ದ ಅದರಲ್ಲಿ ರಾಹುಕಾಲ, ಏಕಾದಶಿ, ಸಂಕಷ್ಟಿ ಎಲ್ಲ ಇದ್ದವು. ಗ್ಯಾಸ್ ಸಿಲಿಂಡರ್ ಬಂದ ತಾರೀಖಿನ ಪೆನ್ಸಿಲ್ ಗುರುತು ಮಾತ್ರ ಅಮ್ಮನದು. ಸುತ್ತಲಿನ ಕನ್ನಡದ ಮನೆಯವರು ಫೋನ್ ಮಾಡಿ ಅಮ್ಮನನ್ನು ಒಳ್ಳೆಯ ದಿನ ಕೇಳುತ್ತಿದ್ದರು. ಆಮೇಲೆ ಪಂಜಾಬಿ ಆಂಟಿಯರೂ ಕೇಳತೊಡಗಿದರು. ಭಾಭಿ ಅಮ್ಮನಿಗೆ ಪೂರ್ತಿ ಶರಣಾದದ್ದು ಅವಳ ಮೈದುನನ ಮದುವೆಯಲ್ಲಿ. "ಆ ದಿನ ಬೇಡ, ಮುಂದಿನ ವಾರ ಇಟ್ಟುಕೋ" ಎಂದು ಅಮ್ಮ ಹೇಳಿದ್ದಳು. ಬೇಡವೆಂದ ದಿನ ಎಂಥ ಮಳೆ ಬಂತೆಂದರೆ ಬೇರೆ ಯಾರದೋ ಮದುವೆಯ ಟೆಂಟು ಕೊಚ್ಚಿಹೋಗಿ ನಮ್ಮ ಗೇಟಿಗೆ ಬಂದು ಸಿಕ್ಕಿಕೊಂಡಿತು. ಅದು ಜ್ಯೋತಿಷವಲ್ಲ, ಹವಾಮಾನ ಎಂದು ಅಪ್ಪ ವಾದಿಸಿದರು. ಅವರ ಮಾತನ್ನು ಯಾರೂ ಕೇಳಲಿಲ್ಲ.

ಬೀಗದ ಕೈ ಸಿಕ್ಕಿದ ಮೂರ್ನಾಲ್ಕು ದಿನಕ್ಕೆ ಒಂದು ಬೆಳಿಗ್ಗೆ ನಾನು ಆಫೀಸಿಗೆ ಹೊರಟಾಗ ಅಮ್ಮ ಇಸ್ತ್ರಿ ಮೇಜಿನ ಮುಂದೆ ನಿಂತಿದ್ದಳು. ಅಮ್ಮನ ಹಿಂದಿಯಲ್ಲಿ ಎಲ್ಲ ವಸ್ತುಗಳೂ ಗಂಡಸರು. ಬಸ್ಸೂ ಬರುತ್ತಾನೆ, ರೊಟ್ಟಿಯೂ ಸುಡುತ್ತಾನೆ. ಆದರೆ ದನಿಯಲ್ಲಿ ಅಳುಕಿರಲಿಲ್ಲ.

"ಈಗ ಹೋಗಬೇಡ. ಇವತ್ತಿಂದ ಆಷಾಢ ಶುರು" ಎಂದಳು ಅಮ್ಮ.

ಚಾರ್‌ಪಾಯಿಯಿಂದ ದಾದಿ ತಲೆಯೆತ್ತಿದಳು. "ಇವತ್ತಿಂದಲಾ? ಆಷಾಢ ಅರ್ಧ ಮುಗಿದುಹೋಯ್ತು!"

"ಅರ್ಧ ಹೇಗೆ ಮುಗಿಯುತ್ತೆ? ನಿನ್ನೆ ತಾನೇ ಅಮಾವಾಸ್ಯೆ."

"ಹುಣ್ಣಿಮೆಯ ಮರುದಿನವೇ ಶುರುವಾಗಿಲ್ಲವಾ?"

"ತಿಂಗಳು ಎಲ್ಲಾದರೂ ಹುಣ್ಣಿಮೆಯಿಂದ ಶುರುವಾಗುತ್ತಾ?"

"ಮತ್ತೆ ಕತ್ತಲೆಯಿಂದ ಶುರುವಾಗುತ್ತಾ?"

ಭಾಭಿ ಕೆಂಡದ ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ಹಿಡಿದು ಇಬ್ಬರನ್ನೂ ಒಬ್ಬರಾದ ಮೇಲೆ ಒಬ್ಬರನ್ನು ನೋಡಿದಳು. ನಾವು ತಿಂಗಳನ್ನು ಅಮಾವಾಸ್ಯೆಗೆ ಮುಗಿಸುತ್ತೇವೆ, ಇಲ್ಲಿಯವರು ಹುಣ್ಣಿಮೆಗೆ. ಹಾಗಾಗಿ ಒಂದೇ ಫುಟ್‌ಪಾತಿನ ಮೇಲೆ, ಒಂದೇ ಬೇವಿನ ಮರದ ಕೆಳಗೆ, ಎರಡು ಆಷಾಢಗಳು ಹದಿನೈದು ದಿನದ ಅಂತರದಲ್ಲಿ ನಡೆಯುತ್ತಿದ್ದವು. ಇದು ನನಗೆ ಗೊತ್ತಿತ್ತು. ಆದರೆ ನನ್ನ ಬಸ್ಸು ಬಂದಿತ್ತು.

ಆಷಾಢ ಬಂದು ಒಂದು ವಾರವೂ ಆಗಿರಲಿಲ್ಲ, ಸಾಹೇಬರು ತುರ್ತು ಮೀಟಿಂಗ್ ಕರೆದರು. ಬೇರೆ ಕಡೆಯಿಂದ ಬಂದವರು ಪಾತ್ರೆ ಪಗಡೆ, ಕೋಳಿ, ಟಿ.ವಿ. ಸಮೇತ ಹೊಸ ಫ್ಲ್ಯಾಟುಗಳಲ್ಲಿ ಇಳಿದಿದ್ದರು. ಆರ್.ಕೆ.ಪುರಂ ಸಾಲಿನವರಿಗೆ ಕೊಟ್ಟ ಒಂದು ಬಾಗಿಲೂ ತೆರೆದಿರಲಿಲ್ಲ.

"ವಿಚಾರಿಸಿದ್ದೇನೆ" ಎಂದರು ಸಾಹೇಬರು. "ಬಸ್ಸೂ ಅಲ್ಲ, ನೀರೂ ಅಲ್ಲ. ಆ ಸಾಲಿನಲ್ಲಿ ಯಾರೋ ಒಬ್ಬ ಸೌತ್ ಇಂಡಿಯನ್ ಸ್ವಾಮೀಜಿ ಸೇರಿಕೊಂಡಿದ್ದಾನೆ. ಶ್ರಾವಣದವರೆಗೆ ಯಾರೂ ಕದಲಬಾರದು ಅಂತ ಅಪ್ಪಣೆ ಮಾಡಿದ್ದಾನಂತೆ. ಚಪ್ಪಲಿ ಹೊಲಿಯುವವನಿಂದ ಹಿಡಿದು ತರಕಾರಿಯವರ ತನಕ ಎಲ್ಲರೂ ಅವನ ಮಾತೇ ಕೇಳೋದು."

ಮೇಜಿನ ಸುತ್ತ ಎಲ್ಲರೂ ಸ್ವಾಮೀಜಿಗಳ ಬಗ್ಗೆ ತಮಗೆ ತಿಳಿದದ್ದನ್ನು ಹೇಳಿದರು. ನಾನು ನನ್ನ ಪೆನ್ನಿನ ಮುಚ್ಚಳವನ್ನು ಪರೀಕ್ಷಿಸಿದೆ.

"ನೀವು ಅದೇ ಏರಿಯಾದವರಲ್ಲವಾ?" ಸಾಹೇಬರು ನನ್ನ ಕಡೆ ತಿರುಗಿದರು. "ಸೌತಿನವರೂ ಹೌದು. ಅವನನ್ನು ಹುಡುಕಿ. ನಿಮ್ಮ ಭಾಷೆಯಲ್ಲೇ ಮಾತಾಡಿ, ಮೆತ್ತಗೆ ತಿಳಿಹೇಳಿ. ಇಂಥವರಿಗೆ ಬೇಗ ಕೋಪ ಬರುತ್ತೆ."

"ಹುಡುಕುತ್ತೇನೆ ಸರ್" ಎಂದೆ.

ಆ ಸಂಜೆ ಸ್ವಾಮೀಜಿ ಡೈನಿಂಗ್ ಟೇಬಲ್ಲಿನ ಮೇಲೆ ಪೇಪರು ಹಾಸಿಕೊಂಡು ಹುರುಳಿಕಾಯಿಯ ನಾರು ತೆಗೆಯುತ್ತಿದ್ದರು.

"ಅಮ್ಮ, ಭಾಭಿಗೆ ನೀನು ಏನು ಹೇಳಿದೆ?"

"ನಿನ್ನ ನೀಲಿ ಕುರ್ತಾ ವಿಷಯನಾ? ಕಾಲರ್ ಹೊಳೆಯೋ ಹಾಗೆ ಸುಟ್ಟಿದ್ದಾಳೆ, ಹೇಳಿದೆ."

"ಮನೆ ವಿಷಯ."

"ಶ್ರಾವಣದಲ್ಲಿ ಹೋಗು ಅಂದೆ. ಯಾಕೆ?"

"ಅವಳು ಸಾಲಿನಲ್ಲಿ ಎಲ್ಲರಿಗೂ ಹೇಳಿದ್ದಾಳೆ. ಯಾರೂ ಹೋಗ್ತಾ ಇಲ್ಲ."

"ಒಳ್ಳೇದಾಯ್ತು ಬಿಡು. ಅವರಿಗೂ ಒಳ್ಳೆ ದಿನ ಸಿಕ್ಕಿದ ಹಾಗಾಯ್ತು."

"ಅಮ್ಮ, ನಮ್ಮ ಆಫೀಸಿನಲ್ಲಿ ನಿನ್ನನ್ನ ಸ್ವಾಮೀಜಿ ಅಂತಿದ್ದಾರೆ."

ಅಪ್ಪನ ಮುಖದ ಮುಂದಿದ್ದ ಪೇಪರು ಮೆಲ್ಲಗೆ ಕೆಳಗಿಳಿಯಿತು. "ಗಡ್ಡ ಇದೆಯಂತಾ?"

"ನೀವು ಸುಮ್ಮನಿರಿ" ಎಂದಳು ಅಮ್ಮ. ಆದರೆ ಅವಳ ಕೈ ನಿಂತಿತು. ನಾನು ಷರತ್ತನ್ನು ಹೇಳಿದೆ. ತಿಂಗಳು ಮುಗಿಯುವ ತನಕ ಗಡುವು. ಆಮೇಲೆ ಫ್ಲ್ಯಾಟ್ ಬೇರೆಯವರಿಗೆ, ಇಲ್ಲಿನ ಗೂಡೂ ಹೋಗುತ್ತದೆ. ಅಮ್ಮ ಎದ್ದು ಅಡುಗೆಮನೆಯ ಬಾಗಿಲ ಹಿಂದೆ ಹೋದಳು. ಕ್ಯಾಲೆಂಡರಿನ ಹಾಳೆ ಎತ್ತಿದ ಸದ್ದು, ಇಳಿಸಿದ ಸದ್ದು, ಮತ್ತೆ ಎತ್ತಿದ ಸದ್ದು ಕೇಳಿತು. ಎಷ್ಟು ಸಲ ನೋಡಿದರೂ ಆ ವರ್ಷದ ಶ್ರಾವಣ ಜುಲೈ ದಾಟಿಯೇ ಶುರುವಾಗುತ್ತಿತ್ತು.

"ನಿಮ್ಮ ಸಾಹೇಬರು ಎರಡು ದಿನ ತಡೀಬಾರದಾ?"

"ಆಫೀಸಿಗೆ ಆಷಾಢ ಇಲ್ಲಮ್ಮ."

"ಆಷಾಢ ಎಲ್ಲರಿಗೂ ಇರುತ್ತೆ. ಗೊತ್ತಿರಲ್ಲ ಅಷ್ಟೆ."

ಅಪ್ಪ ಕನ್ನಡಕ ತೆಗೆದು ಒರೆಸಿದರು. ಅದು ಅವರು ಹಳೆಯ ಕಡತ ಬಿಚ್ಚುವ ಸೂಚನೆ. "ಅಲ್ಲ ಕಣೇ, ನಾವು ಈ ಕ್ವಾರ್ಟರ್ಸಿಗೆ ಬಂದದ್ದು ಯಾವ ಮಾಸದಲ್ಲಿ? ಆಷಾಢದಲ್ಲೇ ಅಲ್ವಾ? ಅಲಾಟ್‌ಮೆಂಟ್ ಬಂದ ಕೂಡಲೇ ಒಪ್ಕೋಬೇಕು ಅಂತ ಹೇಳಿದ್ದಕ್ಕೆ, ಮಳೆಯಲ್ಲೇ ಟ್ರಂಕು ಹೊತ್ಕೊಂಡು ಬಂದ್ವಿ. ಆಗ ನಿನ್ನ ಕ್ಯಾಲೆಂಡರು ಎಲ್ಲಿತ್ತು?"

ಅಮ್ಮ ಅಡುಗೆಮನೆಯಿಂದ ಹೊರಗೆ ಬಂದಳು.

"ಇದು ಕ್ವಾರ್ಟರ್ಸು. ನಿಮ್ಮ ನೌಕರಿಯ ಮನೆ. ನೀವು ರಿಟೈರಾದರೆ ಗೋಡೆಗೆ ಹೊಡೆದ ಮೊಳೆನೂ ಕಿತ್ಕೊಂಡು ಹೊರಡಬೇಕು. ಇಂಥ ಮನೆಗೆ ರಾಹುಕಾಲ ಆದರೇನು, ಆಷಾಢ ಆದರೇನು? ಯಾವತ್ತು ಬಂದರೂ ಒಂದೇ. ಅವಳದು ಹಾಗಲ್ಲ. ಸ್ವಂತದ್ದು. ಅದಕ್ಕೆ ಒಳ್ಳೆ ದಿನ ನೋಡಲೇಬೇಕು."

ಅಪ್ಪ ಕನ್ನಡಕ ಹಾಕಿಕೊಂಡು ಪೇಪರಿನ ಹಿಂದಕ್ಕೆ ಹೋದರು. ಹುರುಳಿಕಾಯಿ ಆ ರಾತ್ರಿ ಪಲ್ಯವಾಗಲಿಲ್ಲ. ಎಲ್ಲರೂ ಮೊಸರನ್ನ ತಿಂದೆವು. ಅಮ್ಮ ಅಷ್ಟೊಂದು ಗಂಭೀರವಾಗಿ ಆ ದಿನ ಬೇಡ, ಈ ದಿನ ಬೇಡ ಎಂದದ್ದು ಭಾಭಿಯನ್ನು ತಡೆಯಲು ಅಲ್ಲ, ಸ್ವಂತ ಮನೆಯ ಒಡತಿಯೆಂದು ಗೌರವಿಸಲು ಎಂಬುದು ನನಗೆ ಊಟದ ನಡುವೆ ಹೊಳೆಯಿತು. ಹೊಳೆದದ್ದರಿಂದ ಉಪಯೋಗವೇನೂ ಆಗಲಿಲ್ಲ, ಗಡುವು ಅಲ್ಲೇ ಇತ್ತು.

ಬೆಳಿಗ್ಗೆ ನಾವಿಬ್ಬರೂ ಮೇಜಿನ ಹತ್ತಿರ ಹೋದೆವು. ದಾದಿ ಅಮ್ಮನ ಜೊತೆ ಮಾತು ಬಿಟ್ಟಿದ್ದಳು. ಐದಾರು ದಿನಗಳಿಂದ ನಮ್ಮ ಬಟ್ಟೆಗಳನ್ನು ಮಡಚಿ, ಮುಖ ಬೇರೆ ಕಡೆ ತಿರುಗಿಸಿ ಕೊಡುತ್ತಿದ್ದಳಂತೆ. ಅಮ್ಮನನ್ನು ಕಂಡದ್ದೇ ತಡ, ಅವಳು ಬೇವಿನ ಮರಕ್ಕೆ ಹೇಳಿದಳು:

"ನಾಡಿದ್ದು ಭಡಲಿ ನವಮಿ. ಮುಹೂರ್ತ ಕೇಳಬೇಕಾಗಿಯೇ ಇಲ್ಲದ ದಿನ. ನಮ್ಮ ಊರಲ್ಲಿ ಅವತ್ತು ಓಣಿಗೆ ನಾಲ್ಕು ಮದುವೆ. ಅದು ಬಿಟ್ಟರೆ ಏಕಾದಶಿಗೆ ದೇವರು ಮಲಗಿಬಿಡ್ತಾನೆ. ಏಳೋದು ದೀಪಾವಳಿ ಕಳೆದ ಮೇಲೆ. ಅಲ್ಲಿ ತನಕ ನಮ್ಮಲ್ಲಿ ಯಾವ ಶುಭಕಾರ್ಯವೂ ಇಲ್ಲ. ಆದರೆ ಈ ಮನೆಯಲ್ಲಿ ನನ್ನ ಮಾತು ಯಾರು ಕೇಳ್ತಾರೆ?"

ಅಮ್ಮ ಮರದ ಬದಲು ನೇರವಾಗಿ ದಾದಿಗೇ ಹೇಳಿದಳು. "ಏಕಾದಶಿಗೆ ನಮ್ಮ ದೇವರೂ ಮಲಗ್ತಾನೆ ಅಮ್ಮಾಜಿ. ಅದು ನಮಗೂ ಅದೇ ದಿನ. ಆದರೆ ನಾವು ಶ್ರಾವಣದಲ್ಲಿ ಮದುವೆ, ಗೃಹಪ್ರವೇಶ ಎಲ್ಲ ಮಾಡ್ತೀವಿ."

ದಾದಿಗೆ ಮಾತು ಬಿಟ್ಟದ್ದೇ ಮರೆತುಹೋಯಿತು. "ಹಾಯ್ ರಾಮ್! ದೇವರು ಮಲಗಿರುವಾಗ ಮದುವೆ ಮಾಡ್ತೀರಾ? ಆಶೀರ್ವಾದ ಯಾರು ಮಾಡ್ತಾರೆ?"

"ಎದ್ದಿರೋ ದೊಡ್ಡವರು ಮಾಡ್ತಾರೆ."

"ನಿಮ್ಮ ಕಡೆ ಜನಕ್ಕೆ ಧೈರ್ಯ ಬಹಳ" ಎಂದಳು ದಾದಿ, ನನ್ನ ದುಪಟ್ಟಾ ಮಡಚುತ್ತ.

ಲೆಕ್ಕ ಈಗ ಎಲ್ಲರಿಗೂ ಕಾಣಿಸಿತು. ಅಮ್ಮನ ಶ್ರಾವಣಕ್ಕೆ ಕಾದರೆ ಆಫೀಸಿನ ಗಡುವು ದಾಟುತ್ತದೆ. ದಾದಿಯ ದೇವರು ಏಳಲಿ ಎಂದರೆ ಚಳಿಗಾಲವೇ ಬರುತ್ತದೆ. ಉಳಿದದ್ದು ನಾಡಿದ್ದಿನ ಒಂದು ದಿನ, ಅದೂ ಅಮ್ಮನ ಆಷಾಢದ ಹೊಟ್ಟೆಯೊಳಗೆ.

ಅಮ್ಮ ಗಂಟಲು ಸರಿಮಾಡಿಕೊಂಡಳು. "ನಾಡಿದ್ದೇ ಹೋಗು" ಎಂದಳು ಭಾಭಿಗೆ.

ಭಾಭಿ ಇಸ್ತ್ರಿಪೆಟ್ಟಿಗೆಯನ್ನು ಕಲ್ಲಿನ ಮೇಲಿಟ್ಟಳು. ಅವಳು ಜಾಣೆ. ನನ್ನನ್ನು ನೋಡಿದಳು, ಅಮ್ಮನನ್ನು ನೋಡಿದಳು. "ಮೊನ್ನೆ ಬೇಡ ಅಂದ್ರಿ, ಇವತ್ತು ಹೋಗು ಅಂತೀರಿ. ಆಂಟೀಜಿ, ನಿಜ ಹೇಳಿ, ದೀದಿಯ ನೌಕರಿಗೋಸ್ಕರ ಹೇಳ್ತಾ ಇದ್ದೀರಾ?"

"ಅವಳ ನೌಕರಿ ಏನು ಮಹಾ, ಗುತ್ತಿಗೆಯದು" ಎಂದಳು ಅಮ್ಮ. "ನಿನ್ನ ಮನೆ ಕೈ ಬಿಡುತ್ತೆ ಅಂತ ಹೇಳ್ತಾ ಇದ್ದೀನಿ. ದಾದಿ ಹೇಳಿದ ದಿನ ನಿಮ್ಮವರಿಗೆ ಒಳ್ಳೆ ದಿನ."

"ನಿಮಗೆ?"

"ನನಗೆ ಆಷಾಢ."

"ಹಾಗಾದ್ರೆ ನೀವು ಬರಲ್ಲ."

ಗಂಡ ಅಷ್ಟು ಹೊತ್ತು ಬಕೆಟ್ಟಿನ ಮೇಲೆ ಕೂತು ಬೀಡಿ ಸೇದುತ್ತಿದ್ದ. ಈಗ ಅವನೂ ತಲೆಯೆತ್ತಿ ನೋಡಿದ. ಚಪ್ಪಲಿ ಹೊಲಿಯುವವನ ಸುತ್ತಿಗೆ ನಿಂತಿತು. ಸಾಲಿಗೆ ಸಾಲೇ ಕಿವಿಯಾಗಿತ್ತು. ಅಮ್ಮ ಬಂದರೆ ಭಾಭಿ ಹೋಗುತ್ತಾಳೆ. ಭಾಭಿ ಹೋದರೆ ಎಲ್ಲರೂ ಹೋಗುತ್ತಾರೆ. ಅಮ್ಮ ಬರದಿದ್ದರೆ, ಆಂಟೀಜಿ ತಮಗೆ ಬೇಡದ ದಿನವನ್ನು ನಮಗೆ ದಾಟಿಸಿದರು ಎಂದಾಗುತ್ತದೆ. ನಲವತ್ತು ವರ್ಷ ಆಷಾಢದಲ್ಲಿ ಹೊಸ ಮನೆಯ ಹೊಸ್ತಿಲು ತುಳಿಯದವಳು ನನ್ನಮ್ಮ. ಕ್ವಾರ್ಟರ್ಸನ್ನು ಅವಳು ಲೆಕ್ಕಕ್ಕೆ ಹಿಡಿದಿರಲಿಲ್ಲ.

"ಬರ್ತೀನಿ" ಎಂದಳು ಕೊನೆಗೆ. "ಹಾಲು ಉಕ್ಕಿಸೋದು ಹೇಗೆ ಅಂತ ನಿಂತು ಹೇಳಿಕೊಡ್ತೀನಿ. ಆದರೆ ಹೊಸ್ತಿಲು ದಾಟಲ್ಲ. ಹೊಸ್ತಿಲಿಂದ ಒಳಗೆ ನಿಮ್ಮ ಪಂಚಾಂಗ, ಹೊರಗೆ ನನ್ನದು. ಸರಿ ತಾನೇ?"

ದಾದಿ ವಕೀಲರ ಹಾಗೆ ಕಣ್ಣು ಕಿರಿದು ಮಾಡಿದಳು. "ಅಚ್ಛಾ" ಎಂದಳು, "ನ್ಯಾಯದ ಮಾತು."

ನವಮಿಯ ದಿನ ಅವರು ಸಾಮಾನಿನ ಜೊತೆ ಟೆಂಪೋದಲ್ಲಿ ಹೋದರು. ನಾನು, ಅಮ್ಮ ಎರಡು ಬಸ್ಸು ಬದಲಿಸಿ ಹೋದೆವು. ಅಮ್ಮನ ಚೀಲದಲ್ಲಿ ಹೊಸ ಸ್ಟೀಲ್ ಪಾತ್ರೆ, ಅರಿಶಿನ, ಕುಂಕುಮ, ಸರೋಜಿನಿ ನಗರದಲ್ಲಿ ಕೊಂಡ ಒಂದು ಪರದೆ. ಹೊಸ ಬ್ಲಾಕುಗಳು ಬಯಲಿನಲ್ಲಿ ಸಾಲಾಗಿ ನಿಂತಿದ್ದವು. ಮೆಟ್ಟಿಲುಗಳಲ್ಲಿ ಸುಣ್ಣದ ವಾಸನೆ. ಎರಡನೇ ಮಹಡಿಯಲ್ಲಿ ಅಮ್ಮ ನಿಂತು, "ಲಿಫ್ಟ್ ಇಡೋಕೆ ನಿಮ್ಮ ಸಾಹೇಬರಿಗೆ ಏನಾಗಿತ್ತು?" ಎಂದಳು. ಮೂರನೆಯದರಲ್ಲಿ ಮತ್ತೆ ನಿಂತಳು, ಈ ಸಲ ಏನೂ ಕೇಳಲಿಲ್ಲ.

ನಾಲ್ಕನೆಯದರಲ್ಲಿ ಬಾಗಿಲು ತೆರೆದಿತ್ತು. ಒಂದು ಕೋಣೆ, ಮೂಲೆಯಲ್ಲಿ ಅಡುಗೆಯ ಕಟ್ಟೆ, ಒಂದು ಕಿಟಕಿ. ಭಾಭಿ ಹಳದಿ ಸೀರೆ ಉಟ್ಟಿದ್ದಳು. ಅವಳ ಬಟ್ಟೆಗೆ ಇಸ್ತ್ರಿ ಹಾಕಿದ್ದನ್ನು ನಾನು ಅದೇ ಮೊದಲು ನೋಡಿದ್ದು. ಗ್ಯಾಸ್ ಇನ್ನೂ ಬಂದಿರಲಿಲ್ಲ. ಇಸ್ತ್ರಿಯ ಇದ್ದಿಲನ್ನೇ ತಂದು ಕಬ್ಬಿಣದ ಅಂಗೀಠಿಯಲ್ಲಿ ಕೆಂಡ ಮಾಡಿ, ಅದರ ಮೇಲೆ ಪಾತ್ರೆ ಇಟ್ಟಿದ್ದರು.

ಅಮ್ಮ ಹೊಸ್ತಿಲ ಹೊರಗೆ, ಕಾಲ್ಬೆರಳು ಗೆರೆಗೆ ತಾಗದಂತೆ ನಿಂತಳು. ಕುತ್ತಿಗೆ ಮಾತ್ರ ಒಳಗಿತ್ತು.

"ಅಂಗೀಠಿ ಸ್ವಲ್ಪ ಈ ಕಡೆ. ಇನ್ನೂ. ಪೂರ್ವ ಯಾವ ಕಡೆ?"

"ಕಿಟಕಿ ಕಡೆ" ಎಂದ ಗಂಡ.

"ಪಾತ್ರೆಗೆ ಕುಂಕುಮ ಇಟ್ಟೆಯಾ? ಹಾಲು ತುಂಬಾ ಹಾಕು. ಅಂಚಿನ ತನಕ ಹಾಕು."

"ಅಂಚಿನ ತನಕ ಹಾಕಿದ್ರೆ ಚೆಲ್ಲುತ್ತೆ" ಎಂದಳು ಒಳಗಿನಿಂದ ದಾದಿ.

"ಚೆಲ್ಲಬೇಕು ಅಮ್ಮಾಜಿ. ಅದಕ್ಕೇ ಇಡೋದು."

ದಾದಿ ಎದೆಯ ಮೇಲೆ ಕೈಯಿಟ್ಟಳು. ಅವಳ ಊರಿನಲ್ಲಿ ಒಲೆಯ ಮೇಲೆ ಹಾಲು ಚೆಲ್ಲಿದರೆ ಅಪಶಕುನವಂತೆ. ಚೆಲ್ಲಿಸಿದ ಸೊಸೆ ಇಡೀ ದಿನ ಬೈಸಿಕೊಳ್ಳುತ್ತಾಳಂತೆ. ಅಮ್ಮನಿಗೆ ಉಕ್ಕದ ಹಾಲು ಅಂದರೆ ಆಗದ ಗೃಹಪ್ರವೇಶ. ತಿಂಗಳು ಎಲ್ಲಿಂದ ಶುರು ಎಂಬ ಜಗಳವನ್ನು ಹೊಸ್ತಿಲ ಮೇಲೆ ಗೆರೆ ಎಳೆದು ಬಗೆಹರಿಸಿದ್ದ ನಾವು ಯಾರೂ ಇದನ್ನು ಯೋಚಿಸಿರಲಿಲ್ಲ.

ಹಾಲಿನ ಮೇಲೆ ಕೆನೆ ಕಟ್ಟಿತು, ನಡುವೆ ಉಬ್ಬಿತು.

"ತೆಗಿ, ತೆಗಿ!" ಎಂದಳು ದಾದಿ.

"ಮುಟ್ಟಬೇಡ! ಬರಲಿ, ಬರಲಿ!" ಎಂದಳು ಅಮ್ಮ.

"ಮೊದಲ ದಿನವೇ ಚೆಲ್ಲಿದ್ರೆ ಮನೆ ಉಳಿಯುತ್ತಾ?"

"ಮೊದಲ ದಿನ ಉಕ್ಕದಿದ್ರೆ ಇನ್ಯಾವಾಗ ಉಕ್ಕುತ್ತೆ?"

ಭಾಭಿ ಇಕ್ಕಳ ಹಿಡಿದು ನಡುವೆ ಕೂತಿದ್ದಳು. ಒಮ್ಮೆ ಬಾಗಿಲ ಕಡೆ, ಒಮ್ಮೆ ಅತ್ತೆಯ ಕಡೆ ತಿರುಗುತ್ತಿದ್ದಳು. ಅದೇ ಹೊತ್ತಿಗೆ ಮೆಟ್ಟಿಲ ಮೇಲೆ ಏದುಸಿರು ಕೇಳಿಸಿತು. ಸಾಹೇಬರು ಬಂದರು. ಆರ್.ಕೆ.ಪುರಂ ಸಾಲಿನ ಮೊದಲ ಬಾಗಿಲು ತೆರೆಯುತ್ತಿದೆ ಎಂದು ನಾನೇ ತಿಳಿಸಿದ್ದೆ, ಇಷ್ಟು ಬೇಗ ಬರುತ್ತಾರೆಂದು ಎಣಿಸಿರಲಿಲ್ಲ. ಬಾಗಿಲಲ್ಲಿ ನಿಂತು ಹಾಲಿಗೆ ಅಪ್ಪಣೆ ಮಾಡುತ್ತಿದ್ದ ಅಮ್ಮನನ್ನು ಕಂಡು ಅವರು ಎರಡು ಮೆಟ್ಟಿಲು ಕೆಳಗೇ ನಿಂತರು.

"ಇವರು?"

"ನಮ್ಮ ತಾಯಿ ಸರ್."

"ನಮಸ್ತೆ, ನಮಸ್ತೆ. ಒಳಗೆ ಬನ್ನಿ ಮೇಡಂ, ಯಾಕೆ ಹೊರಗೆ ನಿಂತಿದ್ದೀರಿ?"

"ಶ್ರಾವಣದಲ್ಲಿ ಬರ್ತೀನಿ" ಎಂದಳು ಅಮ್ಮ, ಹಾಲಿನಿಂದ ಕಣ್ಣು ತೆಗೆಯದೆ.

ಸಾಹೇಬರು ಆ ಮಾತನ್ನು ಒಮ್ಮೆ ಮನಸ್ಸಿನಲ್ಲೇ ತಿರುವಿ ನೋಡಿದರು. ನನ್ನ ಕಡೆ ತಿರುಗಿದಾಗ ಅವರ ಹುಬ್ಬು ತಲೆಗೂದಲಿನ ಹತ್ತಿರ ಇತ್ತು. "ಆ ಸ್ವಾಮೀಜಿ..."

"ಇವರೇ ಸರ್."

ಆಗ ಹಾಲು ಉಕ್ಕಿತು. ಯಾರ ಅಪ್ಪಣೆಯನ್ನೂ ಕೇಳದೆ, ಪೂರ್ವಕ್ಕೂ ಪಶ್ಚಿಮಕ್ಕೂ ಒಟ್ಟಿಗೇ ಉಕ್ಕಿ, ಚಸ್ ಎಂದು ಕೆಂಡದ ಮೇಲೆ ಬಿತ್ತು. ಹೊಗೆ ಕೋಣೆಯನ್ನೆಲ್ಲ ತುಂಬಿತು. ಅಮ್ಮ ಹೊರಗಿನಿಂದ ಕೈಮುಗಿದಳು. ದಾದಿ ಒಳಗಿನಿಂದ ರಾಮ ರಾಮ ಎಂದಳು. ಇಬ್ಬರೂ ಒಂದೇ ಸಲ ಕೆಮ್ಮಿದರು. ಹೊಗೆ ತಿಳಿಯಾದಾಗ ಅಂಗೀಠಿಯ ಒಂದು ಬದಿ ಆರಿಹೋಗಿತ್ತು, ಇನ್ನೊಂದು ಬದಿಯಲ್ಲಿ ಎರಡು ಮೂರು ಕೆಂಡ ಉಳಿದಿದ್ದವು. ಬೂದಿ ಬೆರೆತ ಹಾಲು ನೆಲದ ಮೇಲೆ ಬೂಟಿನಾಕಾರದಲ್ಲಿ ಹರಡಿತ್ತು.

ಸಾಹೇಬರೊಳಗಿನ ಎಂಜಿನಿಯರ್ ತಡೆದುಕೊಳ್ಳಲಿಲ್ಲ. "ಅರೇ, ನನ್ನ ಫ್ಲೋರ್! ಕಲೆ ಹೋಗಲ್ಲ ಅದು! ಹೊಸ ಫ್ಲೋರ್ ನನ್ನದು..."

"ನಿಮ್ಮದಾ?" ಎಂದಳು ಭಾಭಿ.

ಅವಳು ಎದ್ದು ನಿಂತಿದ್ದಳು, ಇಕ್ಕಳ ಇನ್ನೂ ಕೈಯಲ್ಲೇ ಇತ್ತು. ದನಿ ಏರಿಸಿರಲಿಲ್ಲ. ಸರ್ಕಾರಿ ಕಾಲೊನಿಯ ಅಷ್ಟೂ ಮನೆಗಳ ಬಟ್ಟೆ ಮುಟ್ಟಿ, "ಜೀ ಸಾಬ್, ಜೀ ಮೇಮ್‌ಸಾಬ್" ಎಂದು ವರ್ಷಗಟ್ಟಲೆ 'ಜೀ' ಎಂದವಳ ದನಿ ಅದು. ಈಗ ಅದರಲ್ಲಿ ಜೀ ಇರಲಿಲ್ಲ.

"ನನ್ನ ಫ್ಲೋರು, ಸಾಬ್. ನಾನು ಒರೆಸ್ಕೊಳ್ತೀನಿ."

ಗಂಡ ಗಾಬರಿಯಾಗಿ ಅವಳ ಸೆರಗು ಜಗ್ಗಿದ. ದಾದಿ ರಾಮ ರಾಮ ಎನ್ನುವುದನ್ನು ನಿಲ್ಲಿಸಿದಳು. ಸಾಹೇಬರ ಮುಖದಲ್ಲಿ ನಾನು ಅದುವರೆಗೆ ನೋಡದೇ ಇದ್ದ ಒಂದು ನಗು ಬಂತು. ವರ್ಷವಿಡೀ ಮೀಟಿಂಗಿನಲ್ಲಿ ಕೇಳುತ್ತಿದ್ದ ಪ್ರಶ್ನೆಗೆ ಯಾರೋ ಎದುರಿಗೆ ನಿಂತು ಉತ್ತರ ಕೊಟ್ಟ ಹಾಗೆ.

"ಹೌದು, ನಿಮ್ಮದೇ" ಎಂದರು. ಉಳಿದ ಕೆಂಡವನ್ನು ಬಗ್ಗಿ ನೋಡಿದರು. "ಒಲೆ ಹೊತ್ತಿದೆ. ಬರೆದುಕೊಳ್ಳಿ" ಎಂದು ನನಗೆ ಹೇಳಿದರು. ನಾನು ಬರೆದುಕೊಂಡೆ. (ಮರುದಿನ ಸಾಲಿನ ಇನ್ನಿಬ್ಬರು ಬಂದರು. ದಾದಿಯ ದೇವರು ಮಲಗಿದ ಮೇಲೂ ಉಳಿದವರು ಒಬ್ಬೊಬ್ಬರಾಗಿ ಬಂದರು. ಒಮ್ಮೆ ಒಬ್ಬರ ಹಾಲು ಉಕ್ಕಿದ ಮೇಲೆ ಮುಹೂರ್ತ ಎಲ್ಲರದೂ ಒಂದೇ ಎಂದು ಚಪ್ಪಲಿ ಹೊಲಿಯುವವನು ತೀರ್ಮಾನಿಸಿದ್ದನಂತೆ.)

ಪಾತ್ರೆಯಲ್ಲಿ ಉಳಿದ ಹಾಲಿಗೆ ಸಕ್ಕರೆ ಹಾಕಿ ಎಲ್ಲರಿಗೂ ಕೊಡಬೇಕೆಂದು ಅಮ್ಮ ಹೊರಗಿನಿಂದ ಸೂಚನೆ ಶುರು ಮಾಡಿದಳು. ಭಾಭಿ ಕೇಳಿಸಿಕೊಂಡಳೋ ಇಲ್ಲವೋ. ಒಂದು ಹಳೆಯ ಬನಿಯನ್ ತೆಗೆದುಕೊಂಡು ನೆಲದ ಹಾಲು ಒರೆಸಿ ಮುಗಿಸಿದಳು. ನಿಂತು ಕೋಣೆಯನ್ನು ಒಂದು ಸುತ್ತು ನೋಡಿದಳು. ಬಾಗಿಲ ಹತ್ತಿರ ಬಂದು, ಹೊರಗೆ ನಿಂತಿದ್ದ ನಮ್ಮ ಮೂವರನ್ನೂ ನೋಡಿ, "ಆಂಟೀಜಿ, ದೀದಿ, ಸಾಬ್, ಒಂದು ನಿಮಿಷ" ಎಂದಳು.

ಬಾಗಿಲು ಮುಚ್ಚಿತು. ಒಳಗಿನಿಂದ ಚಿಲಕ ಬಿತ್ತು.

ನಾವು ಮೂವರೂ ಹಸಿರು ಬಣ್ಣದ ಬಾಗಿಲನ್ನು ನೋಡುತ್ತ ನಿಂತೆವು. ಒಳಗಿನಿಂದ ದಾದಿಯ ದನಿ ಬಂತು: "ಬಾಗಿಲು ಯಾಕೆ ಹಾಕಿದೆ? ಜನ ಹೊರಗಿದ್ದಾರೆ. ಗಾಳಿ ಬರಲ್ಲ."

"ಸುಮ್ಮನೆ ಹಾಕಿದೆ" ಎಂದಳು ಭಾಭಿ.

ಚಿಲಕ ತೆಗೆದ ಸದ್ದಾಯಿತು, ಬಾಗಿಲು ತೆರೆಯಲಿಲ್ಲ. ಮತ್ತೆ ಚಿಲಕ ಹಾಕಿದ ಸದ್ದು. ತೆಗೆದ ಸದ್ದು. ಮತ್ತೆ ಹಾಕಿದ ಸದ್ದು.

ಸಾಹೇಬರ ಹಣೆ ಗಂಟಾಯಿತು. "ಚಿಲಕ ಸರಿಯಾಗಿ ಕೂರ್ತಿಲ್ಲ ಅನ್ನಿಸುತ್ತೆ. ಕಂಟ್ರಾಕ್ಟರಿಗೆ ಹೇಳಬೇಕು" ಎಂದು ಜೇಬಿನಿಂದ ಪೆನ್ನು ತೆಗೆದರು.

"ಸರಿಯಾಗಿದೆ" ಎಂದಳು ಅಮ್ಮ. "ಬರ್ಕೊಬೇಡಿ."